ಏಳನೆಯ ಪ್ರಕರಣದ ಮಗಳು

ವಿದ್ಯಾರಣ್ಯಪುರಂನ ಸುಂದರೇಶ ಅವರ ಟೈಪಿಂಗ್ ಅಂಗಡಿ ಮೈಸೂರಿನಲ್ಲಿ ಪಿಎಚ್.ಡಿ. ಮಾಡುವವರಿಗೆಲ್ಲ ಗೊತ್ತಿದ್ದ ಜಾಗ. ಅಂಗಡಿಯೆಂದರೆ ಅವರ ಮನೆಯ ಮುಂದಿನ ಕೋಣೆ. ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮೆಷಿನ್ನು, ಬೈಂಡಿಂಗ್‌ಗೆ ಕಾದಿರುವ ಪ್ರಬಂಧಗಳ ರಾಶಿ. ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಹದಿನೆಂಟು ವರ್ಷ ಕೂತು ಟೈಪು ಮಾಡಿದವರು ಬೊಳ್ಳಮ್ಮ. ಎಂಥ ಕೆಟ್ಟ ಕೈಬರಹವನ್ನಾದರೂ ಅವರು ಓದುತ್ತಿದ್ದರು. ಪ್ರೊಫೆಸರುಗಳ ಕಾಗುಣಿತದ ತಪ್ಪುಗಳನ್ನು ಸದ್ದಿಲ್ಲದೆ ತಿದ್ದಿಬಿಡುತ್ತಿದ್ದರು. ನನ್ನ ಮೂರು ಪುಸ್ತಕಗಳನ್ನು ಟೈಪು ಮಾಡಿದ್ದು ಅವರೇ. ಮೂರರಲ್ಲೂ ನನ್ನ ಎಷ್ಟು ತಪ್ಪುಗಳು ಆ ಕಿಟಕಿಯ ಪಕ್ಕದಲ್ಲೇ ಕಾಣೆಯಾದವೆಂಬುದು ನನಗೊಬ್ಬನಿಗೆ ಗೊತ್ತು.

ಬೊಳ್ಳಮ್ಮ ಎಂಬ ಹೆಸರು ಕೊಡವರಲ್ಲೂ ಇದೆ. ಆದ್ದರಿಂದ ಹೊಸದಾಗಿ ಬಂದವರು, "ಕೊಡಗಲ್ಲಿ ಯಾವ ಮನೆತನ ಮೇಡಂ?" ಎಂದು ಕೇಳುವುದು ವಾಡಿಕೆಯಾಗಿತ್ತು. ಅವರು ಬಾಯಿ ತೆರೆಯುವ ಮೊದಲೇ ಸುಂದರೇಶರು, "ಆ ಕಡೆಯವ್ರೇ, ಆ ಕಡೆಯವ್ರೇ" ಎಂದು ಮಾತು ಮುಗಿಸುತ್ತಿದ್ದರು. ಬೊಳ್ಳಮ್ಮ ಕೀಲಿಮಣೆಯಿಂದ ತಲೆ ಎತ್ತುತ್ತಿರಲಿಲ್ಲ. ನಾನೂ ಒಮ್ಮೆ ಹಾಗೇ ಕೇಳಿದ್ದೆ. ಸಾಲದ್ದಕ್ಕೆ ಮಡಿಕೇರಿಯ ಚಳಿಯ ಬಗ್ಗೆ ಕಾಲು ಗಂಟೆ ಹರಟಿದ್ದೆ. ನೆನೆದರೆ ನಾಚಿಕೆಯಾಗುತ್ತದೆ.

ಅವರು ಜೇನುಕುರುಬರು. ಹುಟ್ಟಿದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಿನೊಳಗಿದ್ದ ಕೆಂಚನಕಟ್ಟೆ ಹಾಡಿಯಲ್ಲಿ. ಅಪ್ಪ ಅವ್ವ ಇಟ್ಟ ಹೆಸರು ಬೊಳ್ಳಿ. ಆಶ್ರಮ ಶಾಲೆಯ ಮೇಷ್ಟರು ಅದನ್ನು ಬೊಳ್ಳಮ್ಮ ಮಾಡಿ, ಮುಂದೆ 'ಜೆ.ಕೆ.' ಎಂದು ಇನಿಷಿಯಲ್ ಹಾಕಿದರು. ಅದು ಅಪ್ಪನ ಹೆಸರಲ್ಲ, ಊರಿನ ಹೆಸರೂ ಅಲ್ಲ. ಜೇನುಕುರುಬ ಅಂತ. ಆ ತರಗತಿಯ ಹನ್ನೊಂದು ಮಕ್ಕಳಿಗೂ ಒಂದೇ ಇನಿಷಿಯಲ್. ಅವರಿಗೆ ಹನ್ನೆರಡು ವರ್ಷವಾದಾಗ ಇಡೀ ಹಾಡಿಯನ್ನು ಕಾಡಿನಿಂದ ಎಬ್ಬಿಸಿ ತಂದು ರಸ್ತೆ ಬದಿಯ ಶೀಟಿನ ಮನೆಗಳಲ್ಲಿ ಕೂರಿಸಿದರು. ಬೊಳ್ಳಮ್ಮ ಮೈಸೂರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಮುಗಿಸಿದರು, ಟೈಪಿಂಗ್ ಸೀನಿಯರ್ ಪರೀಕ್ಷೆಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದರು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಮನೋಹರ್ ಅವರನ್ನು ಮೆಚ್ಚಿ ಮದುವೆಯಾದರು. ಮನೋಹರ್ ಅವರದು ನಂಜನಗೂಡಿನ ಕಡೆಯಿಂದ ಬಂದು ಬೌದ್ಧರಾದ ಕುಟುಂಬ. ಮೇಟಗಳ್ಳಿಯಲ್ಲೇ ಎರಡು ಕೋಣೆಯ ಬಾಡಿಗೆ ಮನೆ, ಕಾಲೇಜಿಗೆ ಹೋಗುವ ಮಗಳು ನಯನಾ.

ಸುಂದರೇಶರು ಕೆಟ್ಟವರಲ್ಲ. ಅವರ ತಾತ ಅರಮನೆಯ ಕಚೇರಿಯಲ್ಲಿ ಬರವಣಿಗೆಯ ಕೆಲಸದಲ್ಲಿದ್ದವರು. ಅಕ್ಷರ ಅಂದರೆ ಆ ಮನೆಯಲ್ಲಿ ಭಕ್ತಿ. ಕೆಲಸಕ್ಕೆ ಸೇರಿದ ದಿನ ಅವರು ಬೊಳ್ಳಮ್ಮನಿಗೆ ಹೇಳಿದ್ದು ಇಷ್ಟು: "ನಿಮ್ಮ ಜಾತಿ ಕಟ್ಕೊಂಡು ನನಗೇನಾಗ್ಬೇಕು? ಆದ್ರೆ ಬಂದವ್ರ ಹತ್ರ ಹೇಳೋದೇನೂ ಬೇಡ. ಸುಮ್ನೆ ನೂರೆಂಟು ಕೇಳ್ತಾರೆ." ಇಪ್ಪತ್ಮೂರು ವರ್ಷದ ಬೊಳ್ಳಮ್ಮ ತಲೆಯಾಡಿಸಿದರು. ಮುಂದೆ ಹದಿನೆಂಟು ವರ್ಷ ಆ ತಲೆಯಾಡಿಸಿದ್ದನ್ನೇ ನಡೆಸಿದರು.

ಆ ಹದಿನೆಂಟು ವರ್ಷದಲ್ಲಿ ಬುಡಕಟ್ಟುಗಳ ಮೇಲೆಯೇ ಇಪ್ಪತ್ತಕ್ಕೂ ಹೆಚ್ಚು ಪ್ರಬಂಧಗಳು ಅವರ ಬೆರಳಿನಡಿ ಹಾದುಹೋದವು. ಮುಗ್ಧರು, ಅಲ್ಪತೃಪ್ತರು, ನಾಳೆಯ ಚಿಂತೆಯಿಲ್ಲದವರು, ಮದ್ಯವ್ಯಸನಿಗಳು, ಮುಖ್ಯವಾಹಿನಿಗೆ ಬರಲು ಹಿಂಜರಿಯುವವರು. "ಇಷ್ಟನ್ನ ಕಣ್ಮುಚ್ಕೊಂಡು ಟೈಪ್ ಮಾಡ್ಬಲ್ಲೆ ಸಾರ್, ಬೆರಳಿಗೇ ಬಾಯಿಪಾಠ ಆಗೋಗಿತ್ತು" ಎಂದು ಅವರು ನನಗೆ ಹೇಳಿದ್ದಾರೆ. ಓದುತ್ತಿರಲಿಲ್ಲವಂತೆ. ಅಕ್ಷರ ಮಾತ್ರ ನೋಡುತ್ತಿದ್ದರಂತೆ.

ಅಕ್ಷರದ ಆಚೆಗಿದ್ದುದನ್ನು ನೋಡುವಂತೆ ಮಾಡಿದವನು ಸುದರ್ಶನ ಎಂಬ ಅಧ್ಯಾಪಕ. ಶ್ರೀರಾಂಪುರದಾಚೆ, ರಿಂಗ್ ರಸ್ತೆಯ ಪಕ್ಕದಲ್ಲಿ ಒಂದು ಖಾಸಗಿ ಸಂಶೋಧನಾ ಕೇಂದ್ರವಿದೆ. ಅಲ್ಲಿ ಪ್ರೊಫೆಸರ್ ಸದಾಶಿವಯ್ಯ ಎಂಬವರ ಕೈಕೆಳಗೆ ಅವನು ಪಿಎಚ್.ಡಿ. ಮಾಡುತ್ತಿದ್ದ. ಡಿಗ್ರಿ ಬಂದರೆ ಬಡ್ತಿ. ಎರಡು ವರ್ಷದ ಹಿಂದೆ, ಯುಗಾದಿ ಕಳೆದ ವಾರ, ಅವನು ಒಂದು ಪೆನ್‌ಡ್ರೈವನ್ನೂ ಒಂದು ನೋಟ್‌ಬುಕ್ಕನ್ನೂ ಹಿಡಿದು ಅಂಗಡಿಗೆ ಬಂದ.

"ಮೇಡಂ, ಮೂರನೇ ಅಧ್ಯಾಯ ಪೆನ್‌ಡ್ರೈವಲ್ಲಿದೆ. ಟೈಪ್ ಮಾಡೋ ಕೆಲ್ಸಾನೇ ಇಲ್ಲ. ಸೋಲಿಗ ಅಂತ ಇರೋ ಕಡೆಯೆಲ್ಲ ಜೇನುಕುರುಬ ಅಂತ ಮಾಡ್ಬಿಡಿ. ಪೋಡು ಅಂತ ಇದ್ರೆ ಹಾಡಿ ಅಂತ ಮಾಡಿ. ಕಂಪ್ಯೂಟರಲ್ಲಿ ಒಂದೇ ಸಲಕ್ಕೆ ಆಗುತ್ತಲ್ಲ?"

ಆಗುತ್ತಿತ್ತು. ಬೊಳ್ಳಮ್ಮ ಫೈಲು ತೆರೆದರೆ ಅದು ಆರು ವರ್ಷದ ಹಿಂದೆ ತಾವೇ ಟೈಪು ಮಾಡಿದ ಇನ್ನೊಬ್ಬರ ಪ್ರಬಂಧ. ಅದಕ್ಕೂ ಸದಾಶಿವಯ್ಯನವರೇ ಮಾರ್ಗದರ್ಶಕರು. ಬೊಳ್ಳಮ್ಮ ಎರಡು ಪದ ಹೊಡೆದು ಗುಂಡಿ ಒತ್ತಿದರು. ನಾನೂರ ಹನ್ನೆರಡು ಕಡೆ ಬದಲಾಗಿದೆ ಎಂದು ಪರದೆ ಹೇಳಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಣ್ಣು ಮಿಟುಕಿಸುವಷ್ಟರಲ್ಲಿ ಹೆಗ್ಗಡದೇವನಕೋಟೆ ಕಾಡಿನ ಜೇನುಕುರುಬರಾದರು. ಅವರ ರೊಟ್ಟಿ ಹಬ್ಬ, ಅವರ ಕುಲಗಳು, ಅವರ ಮದುವೆ ಪದ್ಧತಿ, ಎಲ್ಲವೂ ಬೊಳ್ಳಮ್ಮನ ಜನರ ಮೈಗೆ ಅಂಟಿಕೊಂಡವು.

"ಆ ಗುಂಡಿ ಒತ್ತಿದ್ದು ನನ್ನ ಕೈಯೇ ಸಾರ್" ಎಂದು ಅವರು ಇವತ್ತಿಗೂ ಹೇಳುತ್ತಾರೆ. "ಅವನ ಮೇಲಿನ ಕೋಪ ಆಮೇಲೆ. ಮೊದ್ಲು ನನ್ನ ಮೇಲೇ ಬಂತು."

ನೋಟ್‌ಬುಕ್ಕಿನಲ್ಲಿದ್ದುದು ಪ್ರಕರಣ ಅಧ್ಯಯನಗಳು. ಹಾಡಿಗಳಿಗೆ ಹೋಗಿ ಹನ್ನೆರಡು ಜನರನ್ನು ಮಾತಾಡಿಸಿ ಬರೆದ, ಒಂದೊಂದು ಪುಟದ ಜೀವನ. ಆರನ್ನು ಟೈಪು ಮಾಡಿ ಮುಗಿಸಿದ್ದರು. ಏಳನೆಯದರ ಮೊದಲ ಸಾಲಿನಲ್ಲೇ ಬೆರಳು ನಿಂತಿತು.

'ಮಾಸ್ತಮ್ಮ, ೬೨ ವರ್ಷ, ವಿಧವೆ, ಕೆಂಚನಕಟ್ಟೆ ಹಾಡಿ. ಪತಿ ಕರಿಯ ಅತಿಯಾದ ಮದ್ಯಪಾನದಿಂದ ಮೃತನಾದನು. ಇವರ ಗಂಡು ಮಗು ಕಾಯಿಲೆಗೆ ತುತ್ತಾದಾಗ, ಆಧುನಿಕ ವೈದ್ಯದ ಬಗೆಗಿನ ಭಯ ಮತ್ತು ಮೂಢನಂಬಿಕೆಯಿಂದಾಗಿ ಆಸ್ಪತ್ರೆಗೆ ಕರೆದೊಯ್ಯದೆ ದೈವದ ಮೊರೆಹೋದ ಕಾರಣ ಮಗು ಮರಣಹೊಂದಿತು. ಬುಡಕಟ್ಟುಗಳ ಶಿಶುಮರಣಕ್ಕೆ ಸಾಂಸ್ಕೃತಿಕ ಅಂಶಗಳೇ ಕಾರಣವೆಂಬುದಕ್ಕೆ ಇದು ಉತ್ತಮ ನಿದರ್ಶನ.'

ಮಾಸ್ತಮ್ಮ ಬೊಳ್ಳಮ್ಮನ ತಾಯಿ. ಕರಿಯ ತಂದೆ. ಅಪ್ಪ ಸತ್ತದ್ದು ಕೊಡಗಿನ ಎಸ್ಟೇಟೊಂದರಲ್ಲಿ, ನೆರಳು ಮರದ ಕೊಂಬೆ ಸವರುವ ಮರಗಸಿ ಮಾಡುವಾಗ ಸಿಲ್ವರ್ ಮರದಿಂದ ಬಿದ್ದು. ಆ ಮಗು ಅವರ ತಮ್ಮ, ಹತ್ತು ತಿಂಗಳಿನವನು. ಆಗ ಬೊಳ್ಳಮ್ಮನಿಗೆ ಒಂಬತ್ತು. ಅವನನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದವರು ಅವರೇ.

ಪೆನ್‌ಡ್ರೈವಿನಲ್ಲಿ ಫೋಟೋಗಳೂ ಇದ್ದವು. ಒಂದರಲ್ಲಿ ಅವ್ವ ಮನೆಯ ಮುಂದೆ ಬಿಸ್ಕತ್ತಿನ ಪೊಟ್ಟಣ ಹಿಡಿದು ನಿಂತಿದ್ದಳು. ಕೆಳಗೆ 'ಜೇನುಕುರುಬ ಮಹಿಳೆ' ಎಂದಿತ್ತು.

ಬೊಳ್ಳಮ್ಮ ಕಂಪ್ಯೂಟರ್ ಆರಿಸಿ, ತಲೆನೋವು ಅಂತ ಹೇಳಿ ಎದ್ದು ಹೋದರು. ಅಷ್ಟು ವರ್ಷದಲ್ಲಿ ಅವರು ಅರ್ಧ ದಿನಕ್ಕೆ ಎದ್ದು ಹೋದದ್ದು ಅದೇ ಮೊದಲು.

ಭಾನುವಾರ ಹೆಗ್ಗಡದೇವನಕೋಟೆ ಬಸ್ಸು ಹತ್ತಿ ಹಾಡಿಗೆ ಹೋದರು. ತಾಯಿ ಮಗಳು ಮಾತಾಡುವುದು ಜೇನುನುಡಿಯಲ್ಲಿ. ನಾನು ಅದನ್ನು ಆ ಕಡೆಯ ಕನ್ನಡದಲ್ಲಿ ಬರೆದಿದ್ದೇನೆ.

"ಪ್ಯಾಟೆಯಿಂದ ಒಬ್ಬ ಬಂದಿದ್ನೇನವ್ವ, ಬರ್ಕಳಕ್ಕೆ?"

"ಬಂದಿದ್ದ ಕಣವ್ವ. ಬಿಸ್ಕೇಟ್ ಕೊಟ್ಟ. ಒತ್ತಾರೆಯಿಂದ ಮಜ್ಜಾನದ ಗಂಟ ಕುಂತಿದ್ದ."

"ತಮ್ಮನ ವಿಸ್ಯ ಏನೇಳ್ದೆ?"

ಮಾಸ್ತಮ್ಮ ಮಗಳ ಮುಖವನ್ನೇ ನೋಡಿದಳು. "ಏನೇಳದು? ಆಗಿದ್ನೇ ಏಳ್ದೆ. ಗೇಟು ಅಂದೆ."

ನಡೆದದ್ದು ಇದು. ಮಗುವಿಗೆ ಎರಡು ದಿನದಿಂದ ವಾಂತಿ ಭೇದಿ. ಎಸ್ಟೇಟಿನ ಜೀಪೊಂದು ಕೂಲಿಯವರನ್ನು ಬಿಡಲು ಹಾಡಿಗೆ ಬಂದಿತ್ತು. ಕರಿಯ ಡ್ರೈವರನ ಕೈಕಾಲು ಹಿಡಿದು ಮಗುವನ್ನೂ ಹೆಂಡತಿಯನ್ನೂ ಹತ್ತಿಸಿದ. ಕಾಡಿನಿಂದ ಹೊರಬೀಳುವ ಗೇಟಿನಲ್ಲಿ ಕಾವಲಿನವನು ಜೀಪು ತಡೆದ. ಇದು ಪಾಸಿಲ್ಲದ ಜೀಪು, ಒಳಗೆ ಹೇಗೆ ಬಂತು, ಸಾಹೇಬರು ಬರಲಿ, ಬೀಗದ ಕೈ ಅವರ ಹತ್ತಿರ ಇದೆ ಅಂದ. ಮಟಮಟ ಮಧ್ಯಾಹ್ನ. ಕರಿಯ ಸಾಹೇಬರನ್ನು ಹುಡುಕಿಕೊಂಡು ಓಡಿದ. ಮಾಸ್ತಮ್ಮ ಮಗುವನ್ನು ಎತ್ತಿ ತೋರಿಸಿದಳು. 'ನಡ್ಕಂಡ್ ಬೇಕಾದ್ರೆ ಹೋಗು, ನಿನ್ನ ಯಾರು ಹಿಡ್ಕಂಡವ್ರೆ' ಅಂದ ಅವನು. ಅವಳು ನಡೆದಳು. ಟಾರು ರಸ್ತೆ ಎರಡು ಹರದಾರಿ ದೂರ ಇತ್ತು. ಅರ್ಧ ದಾರಿಯಲ್ಲಿ ಮಗು ಅಳುವುದನ್ನು ನಿಲ್ಲಿಸಿತು. ಅವಳು ನಡೆಯುವುದನ್ನು ನಿಲ್ಲಿಸಲಿಲ್ಲ. ರಸ್ತೆಗೆ ಬಂದು ಬಸ್ಸಿಗೆ ಕೈ ಅಡ್ಡ ಹಾಕಿದ ಮೇಲೆ, ಕಂಡಕ್ಟರ್ ಇಳಿದು ನೋಡಿ, "ಇನ್ನೆಲ್ಲಿಗಮ್ಮ?" ಅಂದನಂತೆ.

"ಗೇಟು ಅಂತ ಮೂರು ಸಲ ಏಳ್ದೆ" ಎಂದಳು ಮಾಸ್ತಮ್ಮ. "ಅವನು ತಲೆ ಅಲ್ಲಾಡುಸ್ಕಂಡು ಬರ್ದ. ದ್ಯಾವ್ರಿಗೆ ಅರಕೆ ಕಟ್ಕಂಡಿದ್ರಾ ಅಂದ. ಮನೆ ಮಗೀಗೆ ಉಸಾರಿಲ್ದಾಗ ಯಾರ್ ಕಟ್ಕಳಲ್ಲ, ಕಟ್ಕಂಡಿದ್ದೆ ಅಂದೆ."

ಅವಳು ಹೇಳಿದ ಇಡೀ ಬೆಳಗಿನ ಮಾತಿನಲ್ಲಿ ಸುದರ್ಶನ ಹೆಕ್ಕಿಕೊಂಡದ್ದು ಆ ಒಂದು ಹರಕೆ.

ಸೋಮವಾರ ಅವನು ಅಂಗಡಿಗೆ ಬಂದಾಗ ಬೊಳ್ಳಮ್ಮ ನೋಟ್‌ಬುಕ್ಕು ತೆರೆದು ಮುಂದಿಟ್ಟರು.

"ಇದು ತಪ್ಪು ಸಾರ್. ಈಯಮ್ಮ ಮಗುವನ್ನ ಆಸ್ಪತ್ರೆಗೇ ಕರ್ಕೊಂಡು ಹೊರಟಿದ್ರು. ಗೇಟು ತೆಗೀಲಿಲ್ಲ. ನಿಮಗೆ ಹೇಳಿದಾರೆ."

ಅವನು ಮೊದಲು ನಕ್ಕ. "ನಿಮಗ್ಯಾರು ಹೇಳಿದ್ರು ಮೇಡಂ ಅದೆಲ್ಲ?"

"ಹೇಳಿದ್ರೋ ಇಲ್ವೋ ಅದು ಹೇಳಿ."

"ಹೇಳಿರ್ಬೋದು. ನೋಡಿ, ಆ ಅಧ್ಯಾಯದ ಹೆಸರೇ ಸಾಂಸ್ಕೃತಿಕ ಅಂಶಗಳು ಅಂತ. ಗೇಟು ಗೀಟು ಅಂತ ಬರೆದ್ರೆ ಆಡಳಿತದ ವಿಷಯ ಆಗುತ್ತೆ. ನಮ್ಮ ಗೈಡ್ ಒಪ್ಪಲ್ಲ. ಬೇಕಾದ್ರೆ ಹೆಸರು ತೆಗ್ದು 'ಎಂ' ಅಂತ ಹಾಕ್ಬಿಡಿ, ಯಾರಿಗೂ ಬೇಜಾರಾಗಲ್ಲ."

"ಹೆಸರು ತೆಗೀರಿ ಅಂತ ನಾನು ಕೇಳಲಿಲ್ಲ. ಸುಳ್ಳು ತೆಗೀರಿ ಅಂದೆ."

ಸುಂದರೇಶರು ಜೆರಾಕ್ಸ್ ಮೆಷಿನ್ನಿನ ಹಿಂದಿನಿಂದ ಎದ್ದು ಬಂದರು. "ಬೊಳ್ಳಮ್ಮ, ನಮ್ಮ ಕೆಲಸ ಟೈಪಿಂಗು. ಕೊಟ್ಟಿದ್ದನ್ನ ಹೊಡೆಯೋದು. ಒಳಗಿರೋದಕ್ಕೆ ಅವರು ಜವಾಬ್ದಾರ್ರು, ನಾವಲ್ಲ."

ಸುದರ್ಶನ ಹೋದ ಮೇಲೆ ಸುಂದರೇಶರು ದನಿ ತಗ್ಗಿಸಿ ಕೇಳಿದರು. "ನಿಮ್ಮ ಕಡೆಯವ್ರಾ?"

"ನಮ್ಮವ್ವ."

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಛೆ" ಅಂದರು. ಆಮೇಲೆ, "ಆದ್ರೂ ಶುಕ್ರವಾರಕ್ಕೆ ಕೊಡ್ಬೇಕಲ್ಲ" ಅಂದರು. ಮಿಕ್ಕ ಪುಟಗಳನ್ನು ಅವರೇ ಒಂದೊಂದೇ ಅಕ್ಷರ ಹುಡುಕಿ ಹೊಡೆದು ಮುಗಿಸಿದರು. ಪ್ರಬಂಧ ಶುಕ್ರವಾರಕ್ಕೆ ಹೋಯಿತು.

ಕೆಲವು ತಿಂಗಳ ನಂತರ ವೈವಾದ ಆಹ್ವಾನಪತ್ರ ಅದೇ ಅಂಗಡಿಗೆ ಬಂತು. ಟೈಪು ಮಾಡಿದ್ದು ಬೊಳ್ಳಮ್ಮನೇ. 'ಮುಕ್ತ ಮೌಖಿಕ ಪರೀಕ್ಷೆ. ಆಸಕ್ತರು ಭಾಗವಹಿಸಬಹುದು.' ಆ ಸಾಲನ್ನು ಅವರು ನೂರಾರು ಸಲ ಹೊಡೆದಿದ್ದರು. ಅದರ ಅರ್ಥ ತಮಗೂ ಅನ್ವಯಿಸುತ್ತದೆಂದು ಅವತ್ತು ಹೊಳೆಯಿತು.

ಅವ್ವನನ್ನು ಕರೆದರು. ಮಾಸ್ತಮ್ಮ ಬರಲಿಲ್ಲ. "ನಾನೊಂದ್ಸಲ ಏಳಿದ್ದಾಯ್ತು. ಸತ್ತ ಕೂಸ ಎಷ್ಟ್ ಸಲ ಎತ್ತಿ ತೋರ್ಸದು?" ಎಂದಳು.

"ಹೋಗಿ ಕೇಳು" ಅಂದರು ಮನೋಹರ್. "ಕೇಳಕ್ಕೆ ಯಾರ ಪರ್ಮಿಷನ್ ಬೇಕು? ಹೆಚ್ಚಂದ್ರೆ ಆಚೆ ಕಳಿಸ್ತಾರೆ. ಆಚೆ ನಾನಿರ್ತೀನಿ." ಕಾರ್ಖಾನೆಗೆ ರಜೆ ಹಾಕಿ, ಸ್ಕೂಟರಿನಲ್ಲಿ ಶ್ರೀರಾಂಪುರದ ತನಕ ಕರೆದುಕೊಂಡು ಹೋದರು.

ಸಭಾಂಗಣದಲ್ಲಿ ಮೂವತ್ತು ಜನ. ವೇದಿಕೆಯ ಮೇಲೆ ಸದಾಶಿವಯ್ಯ, ಹೊರಗಿನ ಪರೀಕ್ಷಕರಾಗಿ ಬಂದಿದ್ದ ಪ್ರೊಫೆಸರ್ ಪ್ರೇಮಲೀಲಾ, ನಡುವೆ ಹೂಗುಚ್ಛ. ಸುದರ್ಶನ ಪರದೆಯ ಮೇಲೆ ಚಿತ್ರ ತೋರಿಸುತ್ತ ಮಾತಾಡಿದ. ಅವ್ವನ ಫೋಟೋ ಗೋಡೆಯಷ್ಟು ದೊಡ್ಡದಾಗಿ ಬಂದು ಹೋಯಿತು. ಪರೀಕ್ಷಕರ ಪ್ರಶ್ನೆ ಮುಗಿದ ಮೇಲೆ ಸದಾಶಿವಯ್ಯನವರು ಪದ್ಧತಿಯಂತೆ, "ಸಭಿಕರಲ್ಲಿ ಯಾರಾದ್ರೂ ಪ್ರಶ್ನೆ ಕೇಳಬಹುದು" ಅಂದರು, ಮತ್ತು ಯಾರೂ ಕೇಳುವುದಿಲ್ಲವೆಂದು ತಿಳಿದು ಕಾಗದ ಮಡಚತೊಡಗಿದರು.

ಬೊಳ್ಳಮ್ಮ ಎದ್ದು ನಿಂತರು.

"ನಮ್ಮ ಹಾಡಿಯಲ್ಲಿ ರೊಟ್ಟಿ ಹಬ್ಬ ಇಲ್ಲ. ಅದು ಸೋಲಿಗರದ್ದು. ಪ್ರಬಂಧದಲ್ಲಿ ನಮ್ಮದು ಅಂತ ಹೇಗೆ ಬಂತು?"

ಸುದರ್ಶನ ಗುರುತು ಹಿಡಿದ. "ಮೇಡಂ, ನೀವು... ನೀವು ಕೊಡಗಿನವ್ರಲ್ವಾ?"

"ಅಲ್ಲ. ನಾನು ಜೇನುಕುರುಬರವಳು. ಕೆಂಚನಕಟ್ಟೆ ಹಾಡಿ."

ಸಭೆ ಗುಜುಗುಜು ಅಂದಿತು. ಸದಾಶಿವಯ್ಯನವರು ಕೈ ಎತ್ತಿದರು. "ನೋಡಮ್ಮ, ಕೂತ್ಕೋ. ಸಂಸ್ಕೃತಿಗಳು ಒಂದರಿಂದ ಒಂದಕ್ಕೆ ಹರೀತವೆ. ಅದು ಸಮಾಜಶಾಸ್ತ್ರದ ವಿಷಯ, ನಿನಗೆ ಅರ್ಥವಾಗಲ್ಲ."

"ಇದು ಹರಿದದ್ದಲ್ಲ ಸಾರ್. ನಾನೇ ಬದಲಾಯಿಸಿದ್ದು. ನಾನೂರ ಹನ್ನೆರಡು ಕಡೆ. ಇವರು ಹೇಳಿದ್ರು, ನಾನು ಗುಂಡಿ ಒತ್ತಿದೆ. ಎಂಬತ್ತೆಂಟನೇ ಪುಟ ತೆಗೀರಿ. ಅಲ್ಲಿ ಒಂದು 'ಸೊಲಿಗ' ಹಾಗೇ ಉಳ್ಕೊಂಡಿದೆ. ಆರು ವರ್ಷದ ಹಿಂದೆ ದೀರ್ಘ ಕೊಡೋದು ಮರೆತಿದ್ದೆ, ಅದಕ್ಕೇ ಮೆಷಿನ್ನಿಗೆ ಸಿಕ್ಕಿಲ್ಲ."

ಪ್ರೇಮಲೀಲಾ ಪುಟ ತಿರುಗಿಸಿದರು. ಒಂದು ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ ಸದಾಶಿವಯ್ಯನವರ ಕಡೆಗೆ ಪ್ರಬಂಧವನ್ನು ಸರಿಸಿದರು. ಸದಾಶಿವಯ್ಯನವರು ಅದನ್ನು ನೋಡಲಿಲ್ಲ. ನೋಡಬೇಕಾದ್ದೇನೂ ಅವರಿಗೆ ಇರಲಿಲ್ಲ. ಅದು ಅವರಿಗೆ ಗೊತ್ತಿದ್ದ ಪುಟ.

"ಇನ್ನೊಂದು" ಎಂದರು ಬೊಳ್ಳಮ್ಮ. ದನಿ ಏರಿತ್ತು. "ಏಳನೇ ಪ್ರಕರಣ. ಆಯಮ್ಮ ಮೂಢನಂಬಿಕೆಯಿಂದ ಮಗುವನ್ನ ಸಾಯಿಸಿದ್ಲು ಅಂತ ಬರೆದಿದೀರಿ. ಮಗುವನ್ನ ಎತ್ಕೊಂಡು ಬರಿಗಾಲಲ್ಲಿ ಟಾರು ರಸ್ತೆ ತನಕ ನಡೆದವಳು ಅವಳು. ಗೇಟು ತೆಗೀಲಿಲ್ಲ ಅಂತ ನಿಮಗೆ ಮೂರು ಸಲ ಹೇಳಿದ್ಲು. ನೀವು ಬಿಸ್ಕತ್ತು ಕೊಟ್ಟು ಕೇಳಿಸ್ಕೊಂಡ್ರಿ, ಮನೆಗೆ ಹೋಗಿ ಅವಳನ್ನೇ ಕೊಲೆಗಾತಿ ಮಾಡಿದ್ರಿ. ಗೇಟು ಅನ್ನೋ ಎರಡಕ್ಷರ ಬರೆಯೋಕೆ ನಿಮ್ಮ ಶಾಸ್ತ್ರದಲ್ಲಿ ಜಾಗ ಇಲ್ವಾ?"

"ನೀನ್ಯಾರಮ್ಮ ಇದನ್ನೆಲ್ಲ ಕೇಳೋಕೆ?" ಎಂದು ಸದಾಶಿವಯ್ಯನವರು ಗದರಿದರು.

"ಏಳನೇ ಪ್ರಕರಣದ ಮಗಳು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ತಮಾಷೆ ಅಂದುಕೊಂಡಿರಬೇಕು. ಆ ನಗು ಅವರ ಕಿವಿಯಲ್ಲಿ ಇನ್ನೂ ಇದೆಯಂತೆ. ಇಬ್ಬರು ಸಿಬ್ಬಂದಿ ಬಂದು ಎರಡೂ ಕಡೆ ನಿಂತರು. "ಮುಟ್ಬೇಡಿ, ನನಗೆ ಬಾಗಿಲು ಗೊತ್ತು" ಎಂದು ಬೊಳ್ಳಮ್ಮ ತಾವೇ ನಡೆದು ಹೊರಬಂದರು. ಸ್ಕೂಟರಿನ ಹತ್ತಿರ ಬಂದ ಮೇಲೆ ಕಟ್ಟೆಯ ಮೇಲೆ ಕೂತುಬಿಟ್ಟರು. ಮನೋಹರ್ ನೀರಿನ ಬಾಟಲಿ ಕೊಟ್ಟರು.

ಪ್ರೇಮಲೀಲಾ ಅವತ್ತು ಸಹಿ ಹಾಕಲಿಲ್ಲ. ಮೂರನೇ ಅಧ್ಯಾಯವನ್ನು ಹೊಸದಾಗಿ ಬರೆಯಬೇಕು, ಏಳನೇ ಪ್ರಕರಣವನ್ನು ಮರುಪರಿಶೀಲಿಸಬೇಕು ಎಂದು ಷರಾ ಬರೆದು ಹೋದರು. ಬೊಳ್ಳಮ್ಮನಿಗೆ ಗೆದ್ದೆನೆನ್ನಿಸಿತು. ಯಾರಾದರೂ ಹಾಡಿಗೆ ಹೋಗುತ್ತಾರೆ, ಅವ್ವನ ಮುಂದೆ ಕೂತು ಕ್ಷಮೆ ಕೇಳುತ್ತಾರೆ ಎಂದು ಎರಡು ತಿಂಗಳು ಕಾದರು. ಯಾರೂ ಹೋಗಲಿಲ್ಲ.

ಅಂಗಡಿಗೆ ಪ್ರಬಂಧಗಳು ಬರುವುದು ನಿಂತಿತು. ಟೈಪಿಸ್ಟೇ ಎದ್ದು ನಿಂತು ಪ್ರಶ್ನೆ ಕೇಳುವ ಅಂಗಡಿಗೆ ಯಾರು ಬರುತ್ತಾರೆ? ಸುಂದರೇಶರು ಒಂದು ದಿನ ಕಾಫಿ ತಾವೇ ತಂದಿಟ್ಟು, "ಸ್ವಲ್ಪ ದಿನ ಮನೇಲಿರಿ ಬೊಳ್ಳಮ್ಮ. ಎಲ್ಲ ತಣ್ಣಗಾಗ್ಲಿ. ನಾನೇ ಫೋನ್ ಮಾಡ್ತೀನಿ" ಅಂದರು.

"ಹದಿನೆಂಟು ವರ್ಷ ಆ ಕಡೆಯವ್ರು ಆ ಕಡೆಯವ್ರು ಅಂದ್ರಿ ಸಾರ್. ಈಗ ಆ ಕಡೆಗೇ ಕಳಿಸ್ತಿದೀರಿ" ಎಂದು ಬೊಳ್ಳಮ್ಮ ಚೀಲ ಎತ್ತಿಕೊಂಡರು. ಕಾಫಿ ಮುಟ್ಟಲಿಲ್ಲ. ಫೋನು ಬರಲಿಲ್ಲ. ಸುಂದರೇಶರು ನನ್ನ ಮುಂದೆ ಕಣ್ಣಲ್ಲಿ ನೀರು ಹಾಕಿಕೊಂಡದ್ದು ನಿಜ. ಆ ಕಣ್ಣೀರಿನಿಂದ ಆಕೆಗೆ ಏನು ಪ್ರಯೋಜನವಾಯಿತೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಏಳು ತಿಂಗಳ ನಂತರ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಸುದರ್ಶನನ ಪಾಸ್‌ಪೋರ್ಟ್ ಸೈಜಿನ ಫೋಟೋ ಬಂತು. ಪಿಎಚ್.ಡಿ. ಪದವಿ ಪ್ರದಾನ. ಬೊಳ್ಳಮ್ಮ ಮಾರನೆಯ ದಿನವೇ ಸಂಶೋಧನಾ ಕೇಂದ್ರದ ಗ್ರಂಥಾಲಯಕ್ಕೆ ಹೋದರು. ಹೊರಗಿನವರಿಗೆ ಪ್ರವೇಶವಿಲ್ಲ. ಆದರೆ ಗ್ರಂಥಪಾಲಕಿ ಮಂಗಳಮ್ಮ ಹೆಸರು ಕೇಳುತ್ತಲೇ, "ನೀವೇನಾ ಬೊಳ್ಳಮ್ಮ? ಎಲ್ಲಾ ಥೀಸಿಸ್ಸಲ್ಲೂ ಅಂದವಾಗಿ ಟೈಪ್ ಮಾಡ್ಕೊಟ್ರು ಅಂತ ನಿಮ್ಮ ಹೆಸರು ಇರುತ್ತಲ್ಲ!" ಎಂದು ಖುಷಿಯಿಂದ ಒಳಗೆ ಬಿಟ್ಟರು.

ಹೊಸ ಪ್ರತಿ. ಕೆಂಪು ರಟ್ಟು, ಚಿನ್ನದ ಅಕ್ಷರ. ಮೂರನೇ ಅಧ್ಯಾಯ ಅರ್ಧಕ್ಕೆ ಇಳಿದಿತ್ತು. ರೊಟ್ಟಿ ಹಬ್ಬ ಹೋಗಿತ್ತು. ಪ್ರಕರಣಗಳ ಭಾಗ ತೆಗೆದರು. ಐದು, ಆರು. ಆರರ ಕೆಳಗೆ ಅರ್ಧ ಪುಟ ಖಾಲಿ. ಮುಂದಿನ ಪುಟದಲ್ಲಿ ಎಂಟು.

ತಿದ್ದಿರಲಿಲ್ಲ. ತೆಗೆದುಹಾಕಿದ್ದರು. ಸಂಖ್ಯೆ ಸರಿಮಾಡುವ ಶ್ರಮವನ್ನೂ ತೆಗೆದುಕೊಂಡಿರಲಿಲ್ಲ. ಸುಳ್ಳಿನ ಜೊತೆಗೆ ಅವ್ವನೂ ಹೋಗಿದ್ದಳು, ತಮ್ಮನೂ ಹೋಗಿದ್ದ. ಆದರೆ ಕೊನೆಯ ಫೋಟೋ ಪುಟಗಳಲ್ಲಿ ಬಿಸ್ಕತ್ತಿನ ಪೊಟ್ಟಣ ಹಿಡಿದ ಅವ್ವ ಹಾಗೇ ನಿಂತಿದ್ದಳು. ಕೆಳಗೆ ಅದೇ ಮಾತು, 'ಜೇನುಕುರುಬ ಮಹಿಳೆ'. ಅವಳ ಮುಖ ಬೇಕಿತ್ತು. ಮಾತು ಬೇಡವಾಗಿತ್ತು.

"ಆ ಕ್ಷಣ ಆ ರಟ್ಟನ್ನ ಹರಿದು ಹಾಕ್ಬೇಕು ಅನ್ನಿಸ್ತು ಸಾರ್" ಎಂದರು ನನ್ನ ಹತ್ತಿರ. ಹರಿಯಲಿಲ್ಲ. ಚೀಲದಿಂದ ಪೆನ್ನು ತೆಗೆದು, ಆರು ಮತ್ತು ಎಂಟರ ನಡುವಿನ ಖಾಲಿ ಜಾಗದಲ್ಲಿ ಬರೆದರು.

'ಏಳು. ಮಾಸ್ತಮ್ಮ. ಕೆಂಚನಕಟ್ಟೆ ಹಾಡಿ. ಇವರ ಹತ್ತು ತಿಂಗಳ ಗಂಡುಮಗು ಕಾಡಿನ ಗೇಟು ತೆಗೆಯದ ಕಾರಣ ದಾರಿಯಲ್ಲಿ ತೀರಿಕೊಂಡಿತು. ಇದನ್ನು ಇವರು ಸಂಶೋಧಕ ಸುದರ್ಶನ ಅವರಿಗೆ ಮೂರು ಸಲ ಹೇಳಿದ್ದಾರೆ. ಗಂಡ ಕರಿಯ ಎಸ್ಟೇಟಿನಲ್ಲಿ ಮರದಿಂದ ಬಿದ್ದು ತೀರಿಕೊಂಡರು, ಕುಡಿದು ಅಲ್ಲ. ಬರೆದವರು: ಮಗಳು ಬೊಳ್ಳಿ.'

ಮಂಗಳಮ್ಮ ಹಿಂದೆ ಬಂದು ನಿಂತದ್ದು ಗೊತ್ತಾಗಿರಲಿಲ್ಲ.

"ಅಯ್ಯೋ, ಏನ್ರೀ ಇದು! ಥೀಸಿಸ್ಸಲ್ಲಿ ಬರೀತಾರೇನ್ರೀ?"

"ಬಿಟ್ಟೋಗಿತ್ತು. ಸೇರಿಸ್ದೆ."

ಮಂಗಳಮ್ಮ ಬಗ್ಗಿ ಓದಿದರು. ಎರಡನೇ ಸಲ ಓದಿದರು. ಅವರ ಮುಖದ ಖುಷಿ ಇಳಿದುಹೋಯಿತು. "ನಾನು ರಿಪೋರ್ಟ್ ಮಾಡ್ಲೇಬೇಕು ಕಣಮ್ಮ" ಅಂದರು ಮೆಲ್ಲಗೆ. "ನನ್ನ ಕೆಲಸ ಇದು."

"ಮಾಡಿ. ಕೊಡಗಿನವಳು ಅಂತ ಮಾತ್ರ ಬರೀಬೇಡಿ."

ವಾರದೊಳಗೆ ಎಚ್ಚರಿಕೆಯ ಪತ್ರ ಬಂತು: ಸಂಸ್ಥೆಯ ಆಸ್ತಿಯನ್ನು ವಿರೂಪಗೊಳಿಸಿದ್ದಕ್ಕಾಗಿ ಆವರಣಕ್ಕೆ ಪ್ರವೇಶ ನಿಷೇಧ. ನನಗೆ ನಿಷೇಧವಿರಲಿಲ್ಲವಾದ್ದರಿಂದ ನಾನು ಹೋಗಿ ನೋಡಿದೆ. ಆ ಹಾಳೆಯನ್ನು ಬ್ಲೇಡಿನಿಂದ ಬುಡಕ್ಕೆ ಕತ್ತರಿಸಿ ತೆಗೆದಿದ್ದರು. ಆರನೆಯ ಪ್ರಕರಣವೂ ಅದರ ಜೊತೆಗೆ ಹೋಗಿತ್ತು. ಇನ್ಯಾರದೋ ಅವ್ವನದು. ಅದರ ಬಗ್ಗೆ ಅಲ್ಲಿ ಯಾರಿಗೂ ಚಿಂತೆಯಿರಲಿಲ್ಲ.

ಇದನ್ನು ಬೊಳ್ಳಮ್ಮನಿಗೆ ಹೇಳಲು ನಾನು ಮೇಟಗಳ್ಳಿಗೆ ಹೋದೆ. ಈಗ ಅವರು ಅಲ್ಲೇ ಬಸ್ ಸ್ಟಾಪಿನ ಹತ್ತಿರ ಒಂದು ಸಣ್ಣ ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಾರೆ. ಕೆಲಸದ ಅರ್ಜಿ, ಬಾಡಿಗೆ ಕರಾರು, ಜಾತಿ ಪ್ರಮಾಣಪತ್ರಕ್ಕೆ ಅಫಿಡವಿಟ್ಟು. ಹಾಡಿಯಿಂದ ಬಂದಿದ್ದ ಮಾಸ್ತಮ್ಮ ಅವತ್ತು ಅಂಗಡಿಯಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ನಾನು ಹಾಳೆ ಕತ್ತರಿಸಿದ ಸುದ್ದಿ ಹೇಳಿದೆ. ಬೊಳ್ಳಮ್ಮ ಕೀಲಿಮಣೆ ಒತ್ತುತ್ತಲೇ ಇದ್ದರು. "ಕತ್ತರಿಸ್ಲಿ. ಅವರ ಕೈಗೆ ಬ್ಲೇಡು ಹಿಡಿಸ್ದೆನಲ್ಲ, ಅಷ್ಟು ಸಾಕು" ಅಂದರು. ಸಾಕಾಗಿರಲಿಲ್ಲ ಎಂಬುದು ಅವರ ಕಣ್ಣಿನಲ್ಲಿ ಕಾಣುತ್ತಿತ್ತು.

ಮಾಸ್ತಮ್ಮ ಮಗಳನ್ನು ಏನಾಯಿತೆಂದು ಕೇಳಿದಳು. ಬೊಳ್ಳಮ್ಮ ಅವರ ನುಡಿಯಲ್ಲಿ ಹೇಳಿದರು, ನನಗಾಗಿ ಕನ್ನಡದಲ್ಲೂ ಹೇಳಿದರು.

"ಗೇಟು ಅಂತ ಬರ್ದಿದ್ಯಾ?" ಎಂದಳು ಮುದುಕಿ.

"ಬರ್ದಿದ್ದೆ ಕಣವ್ವ."

"ಗೇಟ್ ತೆಗೀದೇ ಇದ್ನಲ್ಲ, ಅವನ ಎಸ್ರು?"

"ಅದು ನಂಗ್ ಗೊತ್ತಿಲ್ವಲ್ಲವ್ವ. ಯಾರಿಗ್ ಗೊತ್ತು?"

"ನಂಗೊತ್ತು."

ಬೊಳ್ಳಮ್ಮ ಕೀಲಿಮಣೆಯ ಮೇಲಿಂದ ಕೈ ತೆಗೆದರು. ಮೂವತ್ತು ವರ್ಷಕ್ಕೂ ಮಿಕ್ಕಿ ಅವ್ವನ ಬಾಯಲ್ಲಿ ಆ ಹೆಸರು ಇತ್ತು. ಸುದರ್ಶನ ಕೇಳಿರಲಿಲ್ಲ. ಮಗಳೂ ಕೇಳಿರಲಿಲ್ಲ.

"ಏಳು ಮತ್ತೆ" ಎಂದು ಅವರು ಪ್ರಿಂಟರಿನಿಂದ ಒಂದು ಬಿಳಿ ಹಾಳೆ ಎಳೆದುಕೊಂಡರು.

ಮಾಸ್ತಮ್ಮ ಹೇಳಿದಳು. ಅವನ ಹೆಸರು, ಅವನ ಅಪ್ಪನ ಹೆಸರು, ಅವನು ಯಾವ ಊರಿನವನು, ಅವತ್ತು ಯಾವ ಬಣ್ಣದ ಸ್ವೆಟರ್ ಹಾಕಿದ್ದ ಎಂಬುದನ್ನೂ. ಬೊಳ್ಳಮ್ಮ ಒಂದೊಂದು ಪದವನ್ನೂ ಬರೆದುಕೊಂಡು, ಬರೆದದ್ದನ್ನು ಅವ್ವನಿಗೆ ಓದಿ ಹೇಳಿ, ಸರಿಯಾ ಎಂದು ಕೇಳಿದರು.